ಅಜ್ಜಿಯ ಕಣದಲ್ಲಿ ಬೂದುಗುಂಬಳ

ಆಯುಧಪೂಜೆಯ ಮರುದಿನ ಬೆಳಿಗ್ಗೆ ಪೀಣ್ಯದ ರಸ್ತೆಗಳನ್ನು ನೋಡಬೇಕು. ಪ್ರತಿ ಶೆಡ್ಡಿನ ಬಾಗಿಲಲ್ಲಿ, ಪ್ರತಿ ಲಾರಿಯ ಪಕ್ಕದಲ್ಲಿ ಒಡೆದು ಬಿದ್ದ ಬೂದುಗುಂಬಳ, ಅದರ ಹೊಟ್ಟೆಯೊಳಗಿನ ಕುಂಕುಮ, ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು, ಸೊರಗಿದ ಬಾಳೆಕಂದು. ಯಾವ ಗುಂಡಿಗೂ ಹೆದರದೆ ಬೈಕ್ ಓಡಿಸುವವರೂ ಕುಂಬಳಕಾಯಿಯ ಹೋಳು ಕಂಡರೆ ಬಳಸಿಕೊಂಡು ಹೋಗುತ್ತಾರೆ. ದೃಷ್ಟಿ ತೆಗೆದು ಒಡೆದದ್ದನ್ನು ತುಳಿಯಬಾರದು, ದಾಟಬಾರದು, ಮುಟ್ಟಲಂತೂ ಬಾರದು. ಈಗ ನನ್ನ ಕಚೇರಿ ಮಹದೇವಪುರದ ಕಡೆ; ಕೆಲಸ ಬಹುಪಾಲು ಕಂಪ್ಯೂಟರಿನ ಮುಂದೆ. ಆದರೂ ಆ ಹಬ್ಬ ಬಂತೆಂದರೆ ನನ್ನ ಮೂಗು ಪೀಣ್ಯಕ್ಕೆ ಓಡುತ್ತದೆ. ಅಲ್ಲಿ ಒಂದು ವರ್ಷ ಆಯುಧಪೂಜೆಯಿಂದ ದೀಪಾವಳಿಯವರೆಗೆ ನಾವು ಪಟ್ಟ ಪಾಡನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ.

ಆಗ ನಾನು ಪಾಲಿಕೆಯಲ್ಲಿ ಕಿರಿಯ ಆರೋಗ್ಯ ನಿರೀಕ್ಷಕಿ. ವಾರ್ಡಿನ ಅಡುಗೆಮನೆ ಕಸ ವಾರ್ಡಿನಲ್ಲೇ ಗೊಬ್ಬರವಾಗಬೇಕು, ಲಾರಿಗಟ್ಟಲೆ ಹೋಗಿ ದೂರದ ಯಾವುದೋ ಹಳ್ಳಿಯವರ ಬಾಗಿಲಿಗೆ ಬೀಳಬಾರದು ಎಂಬ ಯೋಜನೆ ಬಂದಿತ್ತು. ಯೋಜನೆಯೇನೋ ಒಳ್ಳೆಯದೇ, ಜಾಗ ಕೊಡುವವರೇ ಇಲ್ಲ. ಪಾರ್ಕಿನಲ್ಲಿ ಎಂದರೆ ವಾಕಿಂಗಿನವರು ಮೂಗು ಮುರಿದರು. ಶಾಲೆಯ ಹಿಂದೆ ಎಂದರೆ ಪೋಷಕರು ಬಂದು ಕೂಗಾಡಿದರು. ಗೊಬ್ಬರ ಎಲ್ಲರಿಗೂ ಬೇಕು, ತಿಪ್ಪೆ ಮಾತ್ರ ಪಕ್ಕದ ಮನೆಯವರ ಮುಂದಿರಲಿ ಎನ್ನುವವರೇ ಎಲ್ಲ.

ಕೊನೆಗೆ ಜಾಗ ಕೊಟ್ಟದ್ದು ಒಬ್ಬ ಅಜ್ಜಿ. ಕಾರ್ಖಾನೆಗಳ ಹಿಂದೆ ಸಿಕ್ಕಿಕೊಂಡಿದ್ದ ಹಳೆಯ ಹಳ್ಳಿಯ ಓಣಿಯಲ್ಲಿ ಆಕೆಯ ಮನೆ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಶೆಡ್ಡುಗಳಾಗಿದ್ದವು. ಉಳಿದದ್ದು ರಾಗಿ ಬಡಿಯುತ್ತಿದ್ದ ಕಣ ಮಾತ್ರ. ಅದರ ಮೂರು ಕಡೆಗೂ ಮಗ ಬಾಡಿಗೆ ರೂಮುಗಳನ್ನು ಕಟ್ಟಿದ್ದ. ಅಜ್ಜಿ ದಿನವಿಡೀ ಜಗಲಿಯ ಮೇಲೆ ಕಾಲು ಚಾಚಿ ಕೂತು ಆ ತುಂಡು ನೆಲವನ್ನು ನೋಡುತ್ತಿದ್ದಳು.

ನಾನು ಅಳುಕುತ್ತಲೇ ಕೇಳಿದ್ದಕ್ಕೆ ಅವಳು, "ತಗಳವ್ವ, ನಮ್ ತಿಪ್ಪೆ ಇದ್ದಿದ್ದೂ ಅಲ್ಲೇಯ. ದನ ಮಾರುದ್ ಮ್ಯಾಲೆ ಅದಕ್ಕೂ ಗತಿ ಇಲ್ದಂಗಾಯ್ತು" ಎಂದಳು.

ಮಗನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಬಾಡಿಗೆದಾರರೆಲ್ಲ ಅವನನ್ನು ಓನರ್ ಎನ್ನುತ್ತಿದ್ದರು. ಅಜ್ಜಿಯೂ ಬೇಕೆಂದೇ "ನಮ್ ಓನರ್ ಬಂದ್ರು, ಎದ್ದೇಳ್ರವ್ವ" ಎಂದು ಛೇಡಿಸುತ್ತಿದ್ದಳು. ಕಣದಲ್ಲಿ ನಾಲ್ಕು ಅಂತಸ್ತು ಏಳಿಸಬೇಕೆಂದು ಅವನು ನಕ್ಷೆಯನ್ನೂ ಮಾಡಿಸಿಟ್ಟಿದ್ದ. ಕೆಟ್ಟ ಮನುಷ್ಯನೇನಲ್ಲ, ತಾಯಿಯ ಮಾತು ಮೀರುವವನೂ ಅಲ್ಲ. ಆದರೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ನೋಡಿ ಮೇಡಂ, ಅಮ್ಮ ಕೊಟ್ಟವ್ಳೆ, ನಾನ್ ಬೇಡ ಅನ್ನಲ್ಲ. ವಾಸ್ನೆ ಬಂದು ರೂಮ್‌ನೋರು ಖಾಲಿ ಮಾಡಕ್ಕೆ ಶುರು ಮಾಡಿದ್ರೆ ಮಾತ್ರ ಜೆಸಿಬಿ ತರಿಸ್ಬಿಡ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬೇಡಿ."

ಗಾಳಿಯಾಡಲು ಸಂದು ಬಿಟ್ಟು ಇಟ್ಟಿಗೆಯ ತೊಟ್ಟಿಗಳನ್ನು ಕಟ್ಟಿಸಿದೆವು. ಆಟೋ ಟಿಪ್ಪರಿನಲ್ಲಿ ಹಸಿ ಕಸ ಬರುತ್ತಿತ್ತು. ಅದರಲ್ಲಿ ಪ್ಲಾಸ್ಟಿಕ್ ಆರಿಸಿ, ದೊಡ್ಡದನ್ನು ಮಚ್ಚಿನಿಂದ ಕೊಚ್ಚಿ, ತಳಕ್ಕೆ ಒಣಗಿದ ಎಲೆ, ಮೇಲೆ ಕಸ, ಅದರ ಮೇಲೆ ತೆಂಗಿನ ನಾರಿನ ಪುಡಿ ಹೀಗೆ ಪದರ ಹಾಕಬೇಕು. ಹಾಲಿಗೆ ಹೆಪ್ಪು ಹಾಕುವಂತೆ ಹಳೆಯ ಗೊಬ್ಬರವನ್ನು ನಡುನಡುವೆ ಉದುರಿಸಿ ಹುಳಿ ಮಜ್ಜಿಗೆ ಚಿಮುಕಿಸಬೇಕು. ವಾರಕ್ಕೊಮ್ಮೆ ಮಗುಚಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕೇ ಹೊರತು ನೀರು ಇಳಿಯಬಾರದು. ಕಬ್ಬಿಣದ ಸರಳೊಂದನ್ನು ರಾಶಿಯ ಹೊಟ್ಟೆಗೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದಾಗ ಅದು ಕೈ ಸುಡುವಂತಿರಬೇಕು. ಸುಟ್ಟರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ.

ಅಲ್ಲಿ ಕೆಲಸ ಮಾಡುತ್ತಿದ್ದವರು ಮೂವರು ಹೆಂಗಸರು. ಹಿರಿಯಳು ರಾಯಚೂರು ಕಡೆಯವಳು, ಅಜ್ಜಿಯ ರೂಮೊಂದರಲ್ಲೇ ಬಾಡಿಗೆಗಿದ್ದಳು. ಮಿಕ್ಕ ಇಬ್ಬರು ಅವಳ ಮಾತು ಕೇಳುತ್ತಿದ್ದರು, ನಾನೂ ಬಹಳ ಸಲ ಕೇಳುತ್ತಿದ್ದೆ. ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿಯೇ ನಡೆಯಿತು. ಮೊದಲ ಗೊಬ್ಬರ ಜರಡಿಯಿಂದ ಕಪ್ಪಗೆ ಉದುರಿದಾಗ ಅಜ್ಜಿ ಒಂದು ಹಿಡಿ ಮೂಸಿ ನೋಡಿ, ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ತನ್ನ ಕರಿಬೇವಿನ ಗಿಡಕ್ಕೆ ಹಾಕಿದ್ದಳು.

ಆಮೇಲೆ ಆ ಆಯುಧಪೂಜೆ ಬಂತು. ಮೂರು ದಿನ ಟಿಪ್ಪರುಗಳು ತಂದದ್ದು ಅನ್ನ, ಸೊಪ್ಪು, ತರಕಾರಿ ಸಿಪ್ಪೆಯಲ್ಲ. ಬರೀ ಬೂದುಗುಂಬಳ, ಬಾಳೆಕಂದು, ಚೆಂಡುಹೂವು. ಇಡೀ ಕೈಗಾರಿಕಾ ಪ್ರದೇಶದ ದೃಷ್ಟಿಯೇ ಅಜ್ಜಿಯ ಕಣಕ್ಕೆ ಬಂದು ಬಿದ್ದಂತಿತ್ತು. ತೊಟ್ಟಿಗಳು ತುಂಬಿದವು. ಹಬ್ಬದ ಸಡಗರದಲ್ಲಿ ಯಾರೂ ಅತ್ತ ಹೆಚ್ಚು ಗಮನ ಕೊಡಲಿಲ್ಲ.

ವಾರ ಕಳೆಯುವುದರೊಳಗೆ ನಾತ ಶುರುವಾಯಿತು. ಸಾಧಾರಣ ನಾತವಲ್ಲ. ಬೆಳಿಗ್ಗೆ ಓಣಿಯ ತುದಿಯಲ್ಲಿ ಬಸ್ಸಿಳಿದರೆ ಸಾಕು, ಅದು ಬಂದು ಎದೆಗೇ ಗುದ್ದುತ್ತಿತ್ತು. ತೊಟ್ಟಿಯ ಅಡಿಯಿಂದ ಕಪ್ಪು ನೀರು ಹರಿದು ರೂಮುಗಳ ಬಾಗಿಲವರೆಗೂ ಬಂತು, ಹುಳುಗಳು ಗೋಡೆ ಹತ್ತಿದವು. ಸರಳು ಚುಚ್ಚಿ ಎಳೆದರೆ ಬಾವಿಯಲ್ಲಿ ಅದ್ದಿದಷ್ಟು ತಣ್ಣಗಿತ್ತು. ಆಗಲೇ ಒಂದು ರೂಮಿನವರು ಗಂಟುಮೂಟೆ ಕಟ್ಟಿಕೊಂಡು ಮಾದನಾಯಕನಹಳ್ಳಿಯ ಕಡೆ ಹೋಗಿಬಿಟ್ಟರು.

ಓನರ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ. "ದೀಪಾವಳಿ ತನಕ ಟೈಮು ಮೇಡಂ. ಹಬ್ಬದ ದಿನ ಬಂದು ನೋಡ್ತೀನಿ. ಇದೇ ವಾಸ್ನೆ ಇದ್ರೆ ಹಬ್ಬ ಮುಗಿದಿದ್ದೇ ಜೆಸಿಬಿ ಬರುತ್ತೆ, ಪಾಯ ತೆಗಿಸ್ತೀನಿ. ಆಮೇಲೆ ಯಾರ್ ಮಾತೂ ಕೇಳಲ್ಲ."

ಅವನು ಹೋದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದಳು. "ನಾಕು ಕಡೀಕೂ ಗ್ವಾಡೆ ಆಗ್ಬುಟ್ರೆ ನಾನು ಎಲ್ ನೋಡ್ಕಂಡ್ ಕೂತ್ಕಳ್ಳವ್ವ? ನನ್ ಕಾಲಕ್ಕಾದ್ರೂ ಈಟು ಮಣ್ಣು ಇರ್ಲಿ ಅಂದೆ. ಅಷ್ಟೇಯ."

ಆ ಮಾತು ನನಗೆ ನಾಟಿತು. ಅಲ್ಲಿಯವರೆಗೆ ಅದು ನನ್ನ ವಾರ್ಡಿನ ಯೋಜನೆಯಾಗಿತ್ತು. ಅವತ್ತಿನಿಂದ ಅಜ್ಜಿಯ ಕಣವನ್ನು ಉಳಿಸುವ ಕೆಲಸವಾಯಿತು. ಮೇಲಧಿಕಾರಿಗೆ ಫೋನ್ ಮಾಡಿದರೆ, "ಮೇಲೊಂದಿಷ್ಟು ಸುಣ್ಣ, ಮಣ್ಣು ಹಾಕಿ ಮುಚ್ಚಿಸ್ರೀ" ಎಂದರು. ಮಾತಿಗೆ ತಿಪ್ಪೆ ಸಾರಿಸುವುದು ಎನ್ನುತ್ತಾರೆ, ಇವರು ನಿಜವಾಗಿಯೂ ಸಾರಿಸಲು ಹೇಳಿದ್ದರು. ಆಗಲಿ ಸಾರ್ ಎಂದು ಫೋನಿಟ್ಟು, ಮೊದಲನೆಯ ತೊಟ್ಟಿಯ ಮುಂಗೋಡೆಯ ಇಟ್ಟಿಗೆಗಳನ್ನು ಬಿಚ್ಚಿಸಿದೆ.

ಒಳಗೆ ಕಂಡದ್ದು ಕುಂಬಳಕಾಯಿಯ ದೊಡ್ಡ ದೊಡ್ಡ ಹೋಳುಗಳು. ಒಂದನ್ನೂ ಕೊಚ್ಚಿರಲಿಲ್ಲ. ಕೆಲವು ಪೂರ್ತಿ ಕಾಯಿಗಳೇ ಇದ್ದವು. ಮೇಲ್ಮುಖವಾಗಿ ಬಿದ್ದ ಹೋಳುಗಳು ಬಟ್ಟಲಿನಂತೆ ನೀರು ಹಿಡಿದಿದ್ದವು. ಬಾಳೆಕಂದು ಅವುಗಳ ಮಧ್ಯೆ ಲೋಳೆಯಾಗಿತ್ತು. ಬೂದುಗುಂಬಳವೆಂದರೆ ಮೊದಲೇ ಸಿಪ್ಪೆ ಕಟ್ಟಿದ ನೀರು. ಕೊಚ್ಚದೆ, ಒಣ ಪದಾರ್ಥ ಬೆರೆಸದೆ ಹೂತಿಟ್ಟರೆ ಉಸಿರಾಡಲು ಗಾಳಿ ಎಲ್ಲಿಂದ ಬರಬೇಕು? ಕಳಿಯುವ ಬದಲು ಕೊಳೆತಿತ್ತು.

ಕೋಪ ನೆತ್ತಿಗೇರಿತು. "ಈ ಕುಂಬಳಕಾಯಿನ ಹೀಗೇ ಎತ್ತಿ ಹಾಕಿದ್ದು ಯಾರು?" ಎಂದು ಕೂಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನ್ನ ಕಣ್ಣೆದುರಿಗೇ ನಡೆಯಿತು. ಮೂವರೂ ಒಟ್ಟಿಗೆ ಸೆರಗು ಸರಿಮಾಡಿಕೊಂಡರು. ಟಿಪ್ಪರಿನ ಡ್ರೈವರ್ ಮೊಬೈಲು ಕಿವಿಗಿಟ್ಟುಕೊಂಡು ಗೇಟಿನಾಚೆ ಹೋದ.

ರಾಯಚೂರಿನವಳೇ ಕೊನೆಗೆ ಬಾಯಿಬಿಟ್ಟಳು. "ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಹೊಲಸು ತೆಗಿ ಅನ್ರಿ, ತೆಗಿತೀವಿ. ಸತ್ತ ಇಲಿನೂ ಎತ್ತೀವಿ. ಆದ್ರ ಇದು ಮಂದಿ ದೃಷ್ಟಿರಿ. ಎಷ್ಟು ಮಷೀನಿಂದು, ಎಷ್ಟು ಲಾರಿದು ಕೆಟ್ಟ ಕಣ್ಣು ಅದರಾಗ ಕುಂತೈತೋ ಏನೋ. ಅದನ್ನ ಕೈಯಾಗ ಹಿಡದು ಕಡಿಯಂಗಿಲ್ರಿ. ನಮಗೂ ಮಕ್ಕಳು ಮರಿ ಅದಾವ."

ಮುಟ್ಟಲಾಗದೆ ಸಲಿಕೆಯಲ್ಲಿ ತಳ್ಳಿ, ಮೇಲೆ ಎಲೆ ಮುಚ್ಚಿ, ದೂರ ಸರಿದಿದ್ದರು. ಮಚ್ಚಿಗೂ ಪೂಜೆ ಮಾಡಿ ಕುಂಕುಮವಿಟ್ಟಿದ್ದರು. ಅದನ್ನು ಮೂರು ದಿನ ಕೆಲಸಕ್ಕೆ ಎತ್ತುವಂತಿರಲಿಲ್ಲ ಎಂಬುದು ಬೇರೆ. ನನಗೆ ಬಂದ ಮೊದಲ ಯೋಚನೆ ಭಾಷಣ ಮಾಡುವುದು: ಸೂಕ್ಷ್ಮಜೀವಿ, ಇಂಗಾಲ, ಸಾರಜನಕ ಇತ್ಯಾದಿ. ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟಿದ್ದರು. ಎರಡನೆಯದು, ನಾನೇ ಸೀರೆ ಎತ್ತಿ ಕಟ್ಟಿ ಕೊಚ್ಚಲು ಕೂರುವುದು. ಕೂತೆ ಕೂಡ. ಅರ್ಧ ದಿನದಲ್ಲಿ ಅಂಗೈಯಲ್ಲಿ ಬೊಬ್ಬೆ ಬಂತು, ರಾಶಿಯ ಒಂದು ಮೂಲೆಯೂ ಮುಗಿಯಲಿಲ್ಲ. ಮೂವರೂ ದೂರ ನಿಂತು, ನಾಳೆ ಜ್ವರ ಬರುವವಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು.

ಮಧ್ಯಾಹ್ನ ಅಜ್ಜಿಯ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದಾಗ ನನಗೆ ಹೊಳೆದದ್ದು ಇಷ್ಟು: ಇವರ ಭಯಕ್ಕೆ ಇವರಲ್ಲೇ ಮದ್ದು ಇದೆಯಲ್ಲ. ದೃಷ್ಟಿ ತಗಲುತ್ತದೆ ಎನ್ನುವವರ ಮನೆಯಲ್ಲೇ ದೃಷ್ಟಿ ತೆಗೆಯುವುದೂ ಗೊತ್ತು.

"ಅಜ್ಜಿ, ದಿನಾ ಸಂಜೆ ನಮಗೆಲ್ಲ ನಿವಾಳಿಸಿ ಹಾಕ್ತೀರಾ?" ಎಂದು ಕೇಳಿದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. "ಓದ್ದೋಳು ನೀನು. ನಿಂಗೆ ನಂಬ್ಕೆ ಐತಾ?"

"ಇಲ್ಲ. ಅವರಿಗಿದೆ. ಕೆಲಸ ಮಾಡೋರು ಅವರು."

"ಅಂಗನ್ನು ಮತ್ತೆ! ನೀನೂ ಸಾಲಲ್ಲಿ ನಿಂತ್ಕಬೇಕು. ಮೇಡಮ್ಮ ಅಂತ ಪಕ್ಕಕ್ಕೆ ನಿಂತ್ರೆ ನಾನು ಮಾಡಕ್ಕಿಲ್ಲ."

ಅವತ್ತೇ ಎರಡು ತೀರ್ಮಾನ ಮಾಡಿದೆ. ದೀಪಾವಳಿಯವರೆಗೆ ಕಣಕ್ಕೆ ಹೊಸ ಕಸ ಬೇಡ, ಪಕ್ಕದ ವಾರ್ಡಿನ ಕೇಂದ್ರಕ್ಕೆ ಹೋಗಲಿ ಎಂದು ಅಲ್ಲಿನ ನಿರೀಕ್ಷಕರನ್ನು ಕಾಡಿ ಬೇಡಿ ಒಪ್ಪಿಸಿದೆ. ಎರಡನೆಯದು, ಎಲ್ಲ ತೊಟ್ಟಿಗಳನ್ನೂ ಬಿಚ್ಚಿ, ನೆಲದ ಮೇಲೆ ಹರಡಿ, ಕೊಚ್ಚಿ, ಮೊದಲಿನಿಂದ ಪದರ ಹಾಕುವುದು. ಹಾಗೆ ಬಿಚ್ಚಿದರೆ ನಾತ ಇನ್ನೂ ಹೆಚ್ಚುತ್ತದೆಂದು ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.

ಮರುದಿನ ಸಂಜೆ ಕೆಲಸ ಮುಗಿಸಿ ಕೈಕಾಲು ತೊಳೆದು ನಾವು ಸಾಲಾಗಿ ನಿಂತೆವು. ಅಜ್ಜಿ ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದು ಒಬ್ಬೊಬ್ಬರಿಗೂ ಸುತ್ತು ಬರಿಸಿದಳು. "ಲಾರಿ ಕಣ್ಣು, ಲೇತ್ ಕಣ್ಣು, ಬಾಯ್ಲರ್ ಕಣ್ಣು, ಹೋಗೋರ ಕಣ್ಣು ಬರೋರ ಕಣ್ಣು, ನಮ್ ಓನರ್ ಕಣ್ಣು, ಎಲ್ಲಾ ಕಣ್ಣೂ ಸುಟ್ಟೋಗ್ಲಿ, ಥೂ ಥೂ" ಎಂದು ಹೇಳಿ ಬಚ್ಚಲ ಹಂಡೆಯ ಒಲೆಗೆ ಹಾಕಿದಳು. ಮೆಣಸಿನಕಾಯಿ ಚಟಪಟ ಸಿಡಿಯಿತು, ಘಾಟು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಕಣದ ನಾತದ ಮುಂದೆ ಯಾವ ಘಾಟು ತಡೆದೀತು?

"ನೋಡ್ರಿ ಅಕ್ಕಾರ, ಘಾಟೇ ಬರಲಿಲ್ಲ. ಭಾಳ ದೃಷ್ಟಿ ಆಗೈತಿ" ಎಂದಳು ರಾಯಚೂರಿನವಳು. ಹೆದರಿದ ಧ್ವನಿಯಲ್ಲ ಅದು, ರೋಗದ ಹೆಸರು ಗೊತ್ತಾದವರ ಧ್ವನಿ. ಮರುದಿನ ಬೆಳಿಗ್ಗೆ ಅವಳೇ ಮೊದಲು ಮಚ್ಚು ಹಿಡಿದಳು.

ನಿವಾಳಿಸಿದ ಮೇಲೆ ನಾನು ಅಜ್ಜಿಯನ್ನು ಕೇಳಿದ್ದೆ, "ನಿಮಗ್ಯಾರು ತೆಗೀತಾರೆ?" ಎಂದು. ಅವಳು ಉಪ್ಪಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. "ನೀನೇ ತೆಗಿ. ತನಗೆ ತಾನೇ ತಕ್ಕಂಡ್ರೆ ಲೆಕ್ಕಕ್ಕಿಲ್ಲ." ನನಗೆ ಸುತ್ತುವ ದಿಕ್ಕೂ ಗೊತ್ತಿರಲಿಲ್ಲ. ಹೆಂಗಸರು ನಕ್ಕರು, ಅಜ್ಜಿ ನನ್ನ ಮಣಿಕಟ್ಟು ಹಿಡಿದು ಸುತ್ತಿಸಿದಳು. ಆಮೇಲೆ ದಿನವೂ ಅದು ನನ್ನ ಪಾಲಿನ ಕೆಲಸವಾಯಿತು.

ಕೊಚ್ಚುವುದು ಸಾಗಿತು. ನೀರನ್ನು ಹೀರುವುದಕ್ಕೆ ನಮ್ಮಲ್ಲಿದ್ದ ಎಲೆ, ನಾರಿನ ಪುಡಿ ಯಾವ ಮೂಲೆಗೂ ಸಾಲಲಿಲ್ಲ. ಪೀಣ್ಯದಲ್ಲಿ ಮರದ ಹೊಟ್ಟಿಗೆ ಬರವೇ ಎಂದುಕೊಂಡು ಡ್ರೈವರನ್ನು ಕಳಿಸಿದೆ. ಅವನು ಚೀಲಗಟ್ಟಲೆ ತಂದು ಸುರಿದ. ಖುಷಿಯಿಂದ ಬೆರೆಸಿ ಎರಡು ತೊಟ್ಟಿ ತುಂಬಿದೆವು. ಮೂರ್ನಾಲ್ಕು ದಿನವಾದರೂ ಸರಳು ಬಿಸಿಯಾಗಲಿಲ್ಲ. ಬಾಂಡ್ಲಿಯಲ್ಲಿ ಒಂದಿಷ್ಟು ಹೊಟ್ಟಿಗೆ ನೀರು ಹಾಕಿ ನೋಡಿದರೆ ಮೇಲೆ ನವಿಲುಬಣ್ಣದ ಎಣ್ಣೆ ಪದರ. ಲೇತ್ ಶಾಪುಗಳಲ್ಲಿ ನೆಲಕ್ಕೆ ಚೆಲ್ಲಿದ ಎಣ್ಣೆ ಹೀರಲು ಹರಡುವ ಹೊಟ್ಟು ಅದು! ಗುಡಿಸಿ ಬಿಸಾಡುವುದನ್ನು ನಮ್ಮವನು ಬಿಟ್ಟಿ ಸಿಕ್ಕಿತೆಂದು ಹೊತ್ತು ತಂದಿದ್ದ.

ನಾನು ಅವನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ಎರಡೂ ತೊಟ್ಟಿ ಮತ್ತೆ ಬಿಚ್ಚಿ, ಎಣ್ಣೆ ಹತ್ತಿದ್ದನ್ನೆಲ್ಲ ಬೇರೆ ಮಾಡಿ ಸಾಗಹಾಕಿದೆವು. ಆಮೇಲೆ ನಾನೇ ಹೋಗಿ, ಮಷೀನುಗಳಿಗೆ ಮರದ ಪೆಟ್ಟಿಗೆ ಮಾಡುವ ಅಂಗಡಿಯೊಂದರಲ್ಲಿ ಗರಗಸದ ಕೆಳಗೇ ಚೀಲ ಹಿಡಿದು ಶುದ್ಧ ಹೊಟ್ಟು ತುಂಬಿಸಿಕೊಂಡು ಬಂದೆ. ಪೈನ್ ಮರದ ಹೊಟ್ಟು, ಅರಿಶಿನದಂತೆ ಹಳದಿ, ಒಳ್ಳೆಯ ಪರಿಮಳ. ಅದನ್ನು ಬೆರೆಸುವಷ್ಟರಲ್ಲಿ ಹಿಂಗಾರು ಮಳೆ ಹಿಡಿಯಿತು. ಟಾರ್ಪಾಲು ಸಾಲದೆ ಒದ್ದಾಡುತ್ತಿದ್ದಾಗ ರೂಮಿನವರು ತಮ್ಮ ಹಳೆಯ ಫ್ಲೆಕ್ಸ್ ಬ್ಯಾನರುಗಳನ್ನು ತಂದುಕೊಟ್ಟರು. ಹುಟ್ಟುಹಬ್ಬದ ಶುಭಾಶಯ ಕೋರುತ್ತಿದ್ದ ಯಾವುದೋ ನಾಯಕರು ಕೈಮುಗಿದುಕೊಂಡೇ ನಮ್ಮ ತಿಪ್ಪೆಯನ್ನು ಕಾದರು.

ಮಳೆ ಬಿಟ್ಟ ಮೇಲೊಂದು ಬೆಳಿಗ್ಗೆ ಸರಳು ಎಳೆದ ರಾಯಚೂರಿನವಳು "ಯವ್ವಾ!" ಎಂದು ಕೈ ಕೊಡವಿದಳು. ಓಡಿಹೋಗಿ ಮುಟ್ಟಿದೆ. ಕಾದ ಕಾವಲಿ. ರಾಶಿಯ ಮೇಲೆ ಬಿಳಿ ಬೂಷ್ಟು ಹಬ್ಬಿತ್ತು, ಕೆದಕಿದರೆ ಹಬೆ ಏಳುತ್ತಿತ್ತು. ನಾವು ನಾಲ್ವರೂ ಹೆಂಗಸರು ಆ ಸರಳನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು, ಕೈ ಸುಟ್ಟುಕೊಂಡು ನಕ್ಕದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಚೇರಿಯಲ್ಲಿ ಎಷ್ಟೋ ಪ್ರಶಂಸೆ ಬಂದಿರಬಹುದು, ಅಷ್ಟು ಸಂತೋಷ ಮತ್ತೆ ಆಗಿಲ್ಲ.

ನಾತ ಹೋಗಿದೆಯೋ ಇಲ್ಲವೋ ಎಂಬುದು ಮಾತ್ರ ನಮಗೆ ತಿಳಿಯುತ್ತಿರಲಿಲ್ಲ. ಅದರಲ್ಲೇ ಮುಳುಗಿದ್ದ ಮೂಗುಗಳು ನಮ್ಮವು. ದೀಪಾವಳಿಯ ದಿನ ಸಂಜೆ ಎಂದಿನಂತೆ ಸಾಲಾಗಿ ನಿಂತೆವು. ಅಜ್ಜಿ ನಿವಾಳಿಸಿ ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಘಾಟು ಎದ್ದಿತು ನೋಡಿ! ಮೊದಲು ಅಜ್ಜಿ ಕೆಮ್ಮಿದಳು, ಆಮೇಲೆ ನಾನು. ರೂಮುಗಳ ಒಳಗಿಂದ ಒಬ್ಬೊಬ್ಬರಾಗಿ ಕೆಮ್ಮುತ್ತ ಹೊರಗೆ ಬಂದರು. ರಾಯಚೂರಿನವಳು ಕಣ್ಣು ಒರೆಸಿಕೊಳ್ಳುತ್ತ, "ಹೋತ್ರಿ ಅಕ್ಕಾರ, ದೃಷ್ಟಿ ಹೋತು!" ಎಂದು ಕೂಗಿದಳು.

ಅದೇ ಹೊತ್ತಿಗೆ ಓನರ್ ಕರ್ಚೀಫು ಹಿಡಿದು ಗೇಟು ದಾಟಿದ, ಹೆಜ್ಜೆ ಇಡುವಷ್ಟರಲ್ಲಿ ಅವನಿಗೂ ಕೆಮ್ಮು. "ಏನಮ್ಮ ಇದು, ಮೆಣಸಿನಕಾಯಿ ಘಾಟು!"

"ಮೆಣಸಿನಕಾಯಿ ಒಂದೇಯಾ? ಬ್ಯಾರೆ ಏನಾದ್ರೂ ಬರ್ತದಾ, ಮೂಸಿ ನೋಡ್ಲಾ" ಎಂದಳು ಅಜ್ಜಿ.

ಅವನು ಕರ್ಚೀಫು ತೆಗೆದು ನಿಂತ. ತೊಟ್ಟಿಯ ಹತ್ತಿರ ಹೋಗಿ ಸುತ್ತು ಹಾಕಿದ, ಒಂದು ಹಿಡಿ ತೆಗೆದು ಮೂಗಿಗೆ ಹಿಡಿದ. ಕೈ ಕೊಡವಿ, ಕರ್ಚೀಫನ್ನು ಜೇಬಿಗೆ ಸೇರಿಸಿದ.

ಅಜ್ಜಿ ಒಳಗಿನಿಂದ ಮಣ್ಣಿನ ಹಣತೆ ತಂದಳು. ಹಳ್ಳಿಯಾಗಿದ್ದ ಕಾಲದಲ್ಲಿ ದೀಪಾವಳಿ ಸಂಜೆ ಹಟ್ಟಿಗೊಂದು, ಕಣಕ್ಕೊಂದು, ತಿಪ್ಪೆಗೊಂದು ದೀಪವಿಡುತ್ತಿದ್ದರಂತೆ. ದನ ಮಾರಿದ ಮೇಲೆ ಆಕೆ ತಿಪ್ಪೆಗೆ ದೀಪವಿಟ್ಟಿರಲಿಲ್ಲ. ರಾಶಿಯ ನೆತ್ತಿಯ ಮೇಲೆ ಒಂದು ಚೆಂಡುಹೂವಿಟ್ಟು, ಹಣತೆ ಊರಿ, ಕಡ್ಡಿ ಗೀರಿದಳು. ಗಾಳಿಗೆ ಆರಿಹೋಯಿತು. ಇನ್ನೊಂದು ಗೀರಿದಳು, ಅದೂ ಆರಿತು. ಮಗ ಹೋಗಿ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈ ಅಡ್ಡ ಹಿಡಿದ. ದೀಪ ಹತ್ತಿಕೊಂಡಿತು.

"ನೀನಿರೋವರ್ಗೂ ಇರ್ಲಿ ಬಿಡಮ್ಮ" ಎಂದ, ದೀಪದಿಂದ ಕಣ್ಣು ತೆಗೆಯದೆ.

ಅಷ್ಟೇ ಮಾತು. ಅವನು ಆ ಮಾತನ್ನು ಚಾಚೂ ತಪ್ಪದೆ ಉಳಿಸಿಕೊಂಡ. ನನಗೆ ವರ್ಗವಾದ ಮೇಲೂ ಕಣ ಇತ್ತು, ಕಸ ಬರುತ್ತಿತ್ತು, ಪ್ರತಿ ದೀಪಾವಳಿಗೆ ದೀಪವಿತ್ತು. ಅಜ್ಜಿ ತೀರಿಕೊಂಡ ಸುದ್ದಿಯನ್ನು ರಾಯಚೂರಿನವಳು ಫೋನಿನಲ್ಲಿ ಹೇಳಿದಳು. ಕೆಲವು ತಿಂಗಳಾದ ಮೇಲೆ ಆ ಕಡೆ ಹೋದಾಗ ಪಾಯ ತೆಗೆದಾಗಿತ್ತು. ತಿಪ್ಪೆ ಹೋಗಿ ಉಪ್ಪರಿಗೆ ಆಗುತ್ತದೆ ಎಂದು ಹಿರಿಯರು ಹೇಳಿದ್ದನ್ನು ನೋಡಿಯೇ ಬಿಟ್ಟೆ. ಓನರ್ ಮೇಲೆ ನನಗೆ ಸಿಟ್ಟಿಲ್ಲ. ಅಗೆದ ಮಣ್ಣು ಎಷ್ಟು ಕಪ್ಪಗಿತ್ತೆಂದರೆ ಕೆಲಸದವರು ಅದನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದರು, ನಾನೂ ಒಂದು ಚೀಲ ತಂದುಕೊಂಡೆ.

ಕಳೆದ ಆಯುಧಪೂಜೆಯ ಮರುದಿನ ನಮ್ಮ ಕಚೇರಿಯ ಗೇಟಿನಲ್ಲಿ ಒಡೆದ ಬೂದುಗುಂಬಳ ಬಿದ್ದಿತ್ತು. ನಾನು ಬಗ್ಗಿ ಹೋಳುಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರೆ ಕಸ ಗುಡಿಸುವ ಹೆಂಗಸು, "ಅಯ್ಯೋ ಮೇಡಂ, ಮುಟ್ಬೇಡಿ" ಎಂದು ಹಿಂದೆ ಸರಿದಳು. ಮನೆಗೆ ತಂದು ಸಣ್ಣಗೆ ಕೊಚ್ಚಿ, ಒಣಗಿದ ಎಲೆ ಬೆರೆಸಿ, ಬಾಲ್ಕನಿಯ ಡಬ್ಬಕ್ಕೆ ಹಾಕಿ, ಅಜ್ಜಿಯ ಕಣದ ಮಣ್ಣನ್ನು ಹೆಪ್ಪಿನ ಹಾಗೆ ಮೇಲೆ ಉದುರಿಸಿದೆ. ಕೈ ತೊಳೆದುಕೊಂಡು ಅಡುಗೆಮನೆಗೆ ಹೋದವಳು, ಅಭ್ಯಾಸಬಲದಿಂದ, ಒಂದು ಮುಷ್ಟಿ ಕಲ್ಲುಪ್ಪು ತೆಗೆದೆ, ಮೇಲೆ ಎರಡು ಒಣಮೆಣಸಿನಕಾಯಿ ಇಟ್ಟುಕೊಂಡೆ. ಸುತ್ತಲು ಕೈ ಎತ್ತಿದೆ. ತನಗೆ ತಾನೇ ತೆಗೆದುಕೊಂಡರೆ ಲೆಕ್ಕಕ್ಕಿಲ್ಲ ಎಂದಿದ್ದಳಲ್ಲ ಅಜ್ಜಿ. ಉಪ್ಪನ್ನು ಮತ್ತೆ ಡಬ್ಬಕ್ಕೆ ಸುರಿದೆ.